ಸ್ಯಾಂಡ್‌ವಿಕೆನ್‌ನಲ್ಲಿ ಕೇಳಿದ ಹವಾಯಿ

ದಾರಿಯಲ್ಲಿ

ವಿಮಾನ ಬದಲಿಸುವ ಊರಿನಲ್ಲಿ ನನ್ನ ಬಾರ್ ಹೋಯಿತು. ಹೀಗೆಂದರೆ ನಮ್ಮ ದಾವಣಗೆರೆಯಲ್ಲಿ ಜನ ನಗುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ನಾನು ನುಡಿಸುವುದು ಹವಾಯಿಯನ್ ಗಿಟಾರ್. ಅದನ್ನು ಎದೆಗೆ ಆನಿಸಿಕೊಂಡು ನುಡಿಸುವುದಿಲ್ಲ. ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಎಡಗೈಯಲ್ಲಿ ಹಿಡಿದ ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತಾ ಬಲಗೈಯಿಂದ ಮೀಟಬೇಕು. ಆ ಉಕ್ಕಿನ ತುಂಡಿಗೆ ಬಾರ್ ಎಂದು ಹೆಸರು.

ಗಿಟಾರನ್ನು ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಸಾಮಾನಿನ ಜೊತೆ ಕಳಿಸಿದ್ದೆ. ಬಾರ್ ಮಾತ್ರ ಎಲ್ಲಿ ಕಳೆದುಹೋಗುತ್ತದೋ ಎಂದು ಕೈಚೀಲದಲ್ಲಿ ಜೋಪಾನ ಮಾಡಿದ್ದೆ. ತಪಾಸಣೆಯ ಹೆಂಗಸು ಅದನ್ನು ಎತ್ತಿ ನೋಡಿದಳು, ತೂಗಿದಳು, ತನ್ನ ಅಂಗೈಗೆ ಮೆಲ್ಲಗೆ ಬಡಿದುಕೊಂಡಳು.

"ಏನಿದು?"

"ಸಂಗೀತದ್ದು" ಎಂದೆ.

ಅವಳಿಗೆ ನಂಬಿಕೆ ಬರಲಿಲ್ಲ. ನಾನು ಅಲ್ಲೇ ಕೂತು, ಇಲ್ಲದ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಲ್ಲಿ ರಾಗ ಎಳೆಯುತ್ತಾ ತೋರಿಸಿಕೊಟ್ಟೆ. ಹಿಂದೆ ಸಾಲಿನಲ್ಲಿ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಅವಳೂ ನಕ್ಕಳು. ನಗುತ್ತಲೇ ಬಾರನ್ನು ಕತ್ತರಿ, ಚಾಕುಗಳ ತಟ್ಟೆಗೆ ಹಾಕಿದಳು. "ಸಂಗೀತ ಚೆನ್ನಾಗಿದೆ. ಆದರೆ ಇದರಿಂದ ತಲೆಗೂ ಹೊಡೆಯಬಹುದು" ಎಂದಳು.

ಸ್ಟಾಕ್‌ಹೋಮಿನ ನಿಲ್ದಾಣದಲ್ಲಿ ತಂಗಿ ಸುಧಾ ಅಪ್ಪಿಕೊಂಡಾಗ ನನ್ನ ಬಾಯಿಂದ ಬಂದ ಮೊದಲ ಮಾತೇ "ಬಾರ್ ಕಿತ್ಕಂಡ್ರು ಕಣೇ."

"ಅಕ್ಕಾ, ಸ್ವಲ್ಪ ಮೆತ್ತಗೆ. ಆ ಕಡೆ ನಿಂತಿರೋರು ಕನ್ನಡದೋರು" ಎಂದಳು ಸುಧಾ.

ಅವಳ ಗಂಡ ಮಹೇಶ ಸ್ಯಾಂಡ್‌ವಿಕೆನ್ ಎಂಬ ಉಕ್ಕಿನ ಊರಿನಲ್ಲಿ ಎಂಜಿನಿಯರ್. ಮಗಳು ನಿಧಿ ಅಲ್ಲೇ ಬೆಳೆದವಳು, ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು, ಬೇಸಿಗೆ ರಜೆಗೆ ಮನೆಗೆ ಬಂದಿದ್ದಳು, ಅಮ್ಮನ ಜೊತೆ ನನ್ನನ್ನು ಕರೆದೊಯ್ಯಲು ನಿಲ್ದಾಣಕ್ಕೂ ಬಂದಿದ್ದಳು. ನಾವು ಮೂವರೂ ಉತ್ತರದ ರೈಲು ಹತ್ತಿದೆವು. ದಾವಣಗೆರೆಯಿಂದ ಹುಬ್ಬಳ್ಳಿಗೆ ಹೋಗುವ ಪ್ಯಾಸೆಂಜರಿನಲ್ಲಿ ರಾಣೆಬೆನ್ನೂರು ಬರುವಷ್ಟರಲ್ಲಿ ಎದುರಿನವರ ಮಗಳ ಮದುವೆ ಎಲ್ಲಿಗೆ ಬಂತು ಎಂಬುದು ಗೊತ್ತಾಗಿರುತ್ತದೆ. ಇಲ್ಲಿ ಇಡೀ ಬೋಗಿಯಲ್ಲಿ ಉಸಿರಿನ ಸದ್ದೂ ಇಲ್ಲ. ನಾನು ಹಸಿವಾಗಿ ಖಾರ ಮಂಡಕ್ಕಿಯ ಪೊಟ್ಟಣ ಬಿಚ್ಚಿದೆ. ಅಂದು ಆ ಬೋಗಿಯಲ್ಲಿ ಆದ ಅತಿ ದೊಡ್ಡ ಶಬ್ದ ನನ್ನ ಹಲ್ಲಿನದೇ.

"ದೊಡ್ಡಮ್ಮ, ಇದು ಕ್ವಯಟ್ ಕಂಪಾರ್ಟ್‌ಮೆಂಟ್" ಎಂದು ನಿಧಿ ಕಿವಿಯಲ್ಲಿ ಹೇಳಿದಳು. ಆಮೇಲೆ ಅವಳೇ ಕೈ ಚಾಚಿ, ಒಂದು ಹಿಡಿ ತೆಗೆದುಕೊಂಡು, ಒಂದೊಂದೇ ಮಂಡಕ್ಕಿಯನ್ನು ನಾಲಿಗೆಯ ಮೇಲೆ ನೆನೆಸಿ ಸದ್ದಿಲ್ಲದೆ ತಿಂದಳು.

ಸ್ಯಾಂಡ್‌ವಿಕೆನ್

ಇಷ್ಟು ದೂರ ಗಿಟಾರ್ ಹೊತ್ತು ತಂದದ್ದು ಸುಧಾಳ ಹಟಕ್ಕೆ. "ನೀನು ಬರೀ ಕೈಯಲ್ಲಿ ಬಂದ್ರೆ ಏರ್‌ಪೋರ್ಟಿಂದಾನೇ ವಾಪಸ್ ಕಳಿಸ್ತೀನಿ" ಎಂದಿದ್ದಳು. ಅವಳ ಹಟಕ್ಕೆ ಕಾರಣವಿತ್ತು. ನಾನು ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಆದರೆ ಊರಿನವರಿಗೆ ನಾನು ಆರ್ಕೆಸ್ಟ್ರಾದ ಶೋಭಕ್ಕ. ಮದುವೆ, ಗಣಪತಿ ಹಬ್ಬ, ವಾರ್ಷಿಕೋತ್ಸವ ಎಲ್ಲ ಕಡೆಯೂ ನಮ್ಮ ತಂಡವಿತ್ತು. ಹಾಡುಗಾರನ ಸಾಲು ಮುಗಿಯುವ ಮೊದಲೇ ನನ್ನ ಗಿಟಾರ್ ಅದೇ ಸಾಲನ್ನು ಎಳೆದು ಹಾಡುತ್ತಿತ್ತು, ಜನ ಸಿಳ್ಳೆ ಹಾಕುತ್ತಿದ್ದರು. ಆಮೇಲೆ ಕೀಬೋರ್ಡು ಬಂತು. ಅದರಲ್ಲಿ ಹವಾಯಿಯನ್ ಗಿಟಾರಿನ ದನಿಗೆ ಒಂದು ಗುಂಡಿಯೂ ಬಂತು. ತಂಡದವರು ನನಗೆ ಬೇಡ ಎಂದೇನೂ ಹೇಳಲಿಲ್ಲ. ಫೋನು ಮಾಡುವುದನ್ನು ಬಿಟ್ಟರು, ಅಷ್ಟೆ. ಅಂದಿನಿಂದ ನನ್ನ ಗಿಟಾರಿಗೆ ನಮ್ಮ ಮನೆಯ ನಡುಕೋಣೆಯೇ ಸಭಾಂಗಣ.

ಬಾರಿಲ್ಲದ ಗಿಟಾರ್ ಎದುರಿಗಿಟ್ಟುಕೊಂಡು ಸುಧಾಳ ಅಡುಗೆಮನೆಯ ಸಾಮಾನೆಲ್ಲ ಪರೀಕ್ಷೆ ಮಾಡಿದೆ. ಏಲಕ್ಕಿ ಕುಟ್ಟುವ ಹಿತ್ತಾಳೆ ಕುಟ್ಟಾಣಿ ತಂತಿಯ ಮೇಲೆ ಕುಣಿಯಿತು. ಚೀಸ್ ಕೆತ್ತುವ ಸಲಿಕೆಯ ಹಿಡಿಕೆ ಜಾರಿತು, ಆದರೆ ಮಾತಾಡಲಿಲ್ಲ. ಮಹೇಶ ತನ್ನ ಕಾರಿನ ಪೆಟ್ಟಿಗೆಯಿಂದ ಬೋಲ್ಟು ಬಿಗಿಯುವ ಸಾಕೆಟ್ ಒಂದನ್ನು ತಂದುಕೊಟ್ಟ. ಅದರಿಂದ ಬಂದ ದನಿ ಕೇಳಿ ಪಕ್ಕದ ಮನೆಯ ಬೆಕ್ಕು ನಮ್ಮ ಬಾಲ್ಕನಿಗೆ ಬಂದು ಕೂತಿತು.

"ಅಕ್ಕಾ, ಇದು ಉಕ್ಕಿನ ಊರು. ಇಲ್ಲಿ ಒಂದು ಸ್ಟೀಲ್ ತುಂಡು ಸಿಗಲ್ಲ ಅಂದ್ರೆ ನಮಗೇ ಅವಮಾನ" ಎಂದ ಮಹೇಶ. ಆದರೆ ಕಾರ್ಖಾನೆಯ ಬೇಸಿಗೆ ರಜೆ ಹತ್ತಿರವಾಗಿತ್ತು. ಈ ದೇಶದಲ್ಲಿ ಜೂನ್ ಬಂದರೆ ಜನ ಅರ್ಧ ಮಾತಿನಲ್ಲೇ ಎದ್ದು ಸರೋವರದ ಕಡೆಗೆ ಹೋಗಿಬಿಡುತ್ತಾರೆ. ಅವನು ಯಾರನ್ನು ಕೇಳಿದರೂ ಆಗಸ್ಟಿನಲ್ಲಿ ನೋಡೋಣ ಎನ್ನುವವರೇ.

ಹಳೆ ಸಾಮಾನಿನ ಅಂಗಡಿ

ನಿಧಿ ನನ್ನನ್ನು ಹಳೆ ಸಾಮಾನು ಮಾರುವ ಅಂಗಡಿಗೆ ಕರೆದುಕೊಂಡು ಹೋದಳು. ಊರಿನವರು ತಮಗೆ ಬೇಡವಾದದ್ದನ್ನು ತಂದಿಡುತ್ತಾರೆ. ಕಾಫಿ ಬಟ್ಟಲು, ಸ್ಕೇಟಿಂಗ್ ಬೂಟು, ಯಾರದೋ ಅಜ್ಜಿಯ ಕಸೂತಿ ಪರದೆ, ಎಲ್ಲವನ್ನೂ ತೊಳೆದು ಒರೆಸಿ ಹೊಸದಕ್ಕಿಂತ ಚೊಕ್ಕಟವಾಗಿ ಜೋಡಿಸಿದ್ದರು. ನಾನು ಬಾಗಿಲ ಹಿಡಿಕೆಗಳ ಬುಟ್ಟಿಯಲ್ಲಿ ಕೈಯಾಡಿಸುತ್ತಿದ್ದೆ. ಪಕ್ಕದಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳ ಪೆಟ್ಟಿಗೆ. ಮೇಲೇ ಇದ್ದ ತಟ್ಟೆಯ ರಟ್ಟಿನ ಹೊದಿಕೆಯಲ್ಲಿ ತೆಂಗಿನ ಮರ, ಸಮುದ್ರ, ಕೊರಳಲ್ಲಿ ಹೂವಿನ ಹಾರ ಹಾಕಿಕೊಂಡ ಗಂಡಸು. ಅವನ ತೊಡೆಯ ಮೇಲೆ ನನ್ನ ಗಿಟಾರಿನಂಥದೇ ಗಿಟಾರ್!

ನಾನು ಆ ತಟ್ಟೆಯನ್ನೇ ತೊಡೆಯ ಮೇಲಿಟ್ಟುಕೊಂಡು, ಹಿತ್ತಾಳೆ ಹಿಡಿಕೆಯೊಂದನ್ನು ಅದರ ಮೇಲೆ ಜಾರಿಸಿ ನೋಡುತ್ತಿದ್ದಾಗ ತಲೆಯ ಮೇಲಿಂದ ಒಂದು ದನಿ ಕೇಳಿಸಿತು.

"ಎಡಗೈ ಸ್ವಲ್ಪ ಓರೆಯಾಗಿದೆ."

ಬೆಳ್ಳಿ ಕೂದಲು, ಕೆಂಪು ಚೌಕಟ್ಟಿನ ಕನ್ನಡಕ, ಎಪ್ಪತ್ತು ದಾಟಿದ ಹೆಂಗಸು. ಹೆಸರು ಬಿರ್ಗಿತ್. ಅಂಗಡಿಯಲ್ಲಿ ಸಂಬಳವಿಲ್ಲದೆ ಕೆಲಸ ಮಾಡುವವರು.

"ನೀವು ನುಡಿಸ್ತೀರಾ?" ಎಂದೆ.

ಅವರು ಬಾಯಿ ತೆರೆದು "ಹ್ಹುಪ್" ಎಂದು ಉಸಿರನ್ನು ಒಳಗೆಳೆದುಕೊಂಡರು. ನನಗೆ ಗಾಬರಿ. ಉಬ್ಬಸವಿರಬೇಕೆಂದು ಕೂರಲು ಕುರ್ಚಿ ಎಳೆದೆ. ನಿಧಿ ನಗು ತಡೆಯಲಾರದೆ, "ದೊಡ್ಡಮ್ಮ, ಅದು 'ಹೌದು' ಅಂತ. ಈ ಕಡೆಯವರು ಯೆಸ್ ಹೇಳೋದು ಹಂಗೇನೇ" ಎಂದಳು. ಮಾತನ್ನು ಹೊರಗೆ ಹೇಳದೆ ಒಳಗೆ ನುಂಗಿ ಹೇಳುವ 'ಹೌದು'. ಅದಕ್ಕಿಂತ ಮಿತವ್ಯಯದ ಮಾತನ್ನು ನಾನು ಎಲ್ಲೂ ಕೇಳಿಲ್ಲ.

ಇಲ್ಲಿ ಎಲ್ಲರನ್ನೂ ಬರೀ ಹೆಸರು ಹಿಡಿದೇ ಕರೆಯಬೇಕಂತೆ. ನನ್ನ ನಾಲಿಗೆ ಹೊರಳಲಿಲ್ಲ. "ಬಿರ್ಗಿತಮ್ಮ" ಎಂದೆ. ಅವರು ಅದನ್ನು ತಾವೇ ಒಮ್ಮೆ ಹೇಳಿ ನೋಡಿ, ಇದು ಮೊದಲಿನದಕ್ಕಿಂತ ಚೆನ್ನಾಗಿದೆ ಎಂದರು. ಇಬ್ಬರದೂ ಶಾಲೆಯಲ್ಲಿ ಕಲಿತ ಇಂಗ್ಲಿಷ್, ಹಾಗಾಗಿ ಮಾತು ಸಲೀಸಾಯಿತು.

"ಗುರುವಾರ ಬನ್ನಿ. ನಮ್ಮದು ಹವಾಯಿ ಸಂಗೀತದ ಕೂಟ. ಗಿಟಾರ್ ತನ್ನಿ. ಬಾರ್ ನಾನು ಕೊಡ್ತೀನಿ" ಎಂದರು.

ಬಾರ್ ಕೊಡುತ್ತೇನೆ ಎಂದವರ ಬೆರಳುಗಳನ್ನು ಆಗ ನೋಡಿದೆ. ಗಿಣ್ಣುಗಳು ಊದಿ, ಬೆರಳುಗಳು ಒಂದೊಂದು ದಿಕ್ಕಿಗೆ ವಾಲಿದ್ದವು.

ಗುರುವಾರದ ಕೋಣೆ

ಕೊಮ್ಮೂನ್ ಎಂದರೆ ನಮ್ಮ ನಗರಸಭೆ ಇದ್ದ ಹಾಗೆ. ಅದರ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಕೂಟ ಸೇರುತ್ತಿತ್ತು. ಹೊರಗೆ ಜಿಟಿಜಿಟಿ ಮಳೆ, ಸ್ವೆಟರಿನ ಚಳಿ. ಬಾಗಿಲಲ್ಲಿ ಬೂಟುಗಳ ಸಾಲು. ಒಳಗೆ ಹೋದರೆ ಕೆಂಪು, ನೀಲಿ, ಹಳದಿ ದಾಸವಾಳ ಹೂವಿನ ಅಂಗಿ ತೊಟ್ಟ ಹಿರಿಯರು ಉಣ್ಣೆಯ ಕಾಲುಚೀಲದಲ್ಲಿ ಓಡಾಡುತ್ತಿದ್ದಾರೆ. ಕಾಫಿ, ದಾಲ್ಚಿನ್ನಿ ಬನ್ನು ತಿಂದಾದ ಮೇಲೆ ಮಾತು ನಿಂತಿತು. ಕೂಟದ ಪದ್ಧತಿ ಸರಳ. ಒಬ್ಬೊಬ್ಬರೂ ತಮಗಿಷ್ಟವಾದ ಒಬ್ಬ ಹವಾಯಿ ಹಾಡುಗಾರರ ತಟ್ಟೆ ತರಬೇಕು, ಯಾಕೆ ಕೇಳಬೇಕು ಎಂದು ಹೇಳಬೇಕು, ಆಮೇಲೆ ಎಲ್ಲರೂ ಬಾಯಿ ಮುಚ್ಚಿ ಕೇಳಬೇಕು.

ಹವಾಯಿ ಹೆಸರುಗಳು ಸ್ವೀಡಿಷ್ ಬಾಯಿಗೆ ಹೊಂದುವುದಿಲ್ಲ. ಆದ್ದರಿಂದ ಹಾಡುಗಾರರಿಗೆಲ್ಲ ಇವರೇ ಅಡ್ಡಹೆಸರು ಇಟ್ಟುಕೊಂಡಿದ್ದರು. ನನಗೂ ಅವೇ ನೆನಪಿನಲ್ಲಿವೆ, ಅವುಗಳಲ್ಲೇ ಹೇಳುತ್ತೇನೆ. ಮೊದಲು ಕೇಳಿಸಿದ್ದು 'ಹುಂಜದವನು'. ತಂತಿಗಳನ್ನು ಸಡಿಲಿಸಿ ತನ್ನದೇ ಶ್ರುತಿ ಮಾಡಿಕೊಂಡು, ಮನೆಯ ಹಿತ್ತಿಲಲ್ಲಿ ಕೂತು ಹಾಡಿದವನು. ನಡುವೆ ಅವನ ಹುಂಜ ಕೂಗುತ್ತದೆ. ಅವನು ಹಾಡು ನಿಲ್ಲಿಸುವುದಿಲ್ಲ, ಹುಂಜಕ್ಕೆ ಅಷ್ಟು ಜಾಗ ಬಿಟ್ಟು ಮುಂದುವರಿಯುತ್ತಾನೆ. ಹವಾಯಿ ಸಂಗೀತವನ್ನು ಎಂದೂ ಕೇಳದವರು ಇಂಥವನಿಂದ ಶುರು ಮಾಡಬೇಕು, ಮೈಯ ಬಿಗಿಯೆಲ್ಲ ತಂತಿಯ ಹಾಗೆಯೇ ಸಡಿಲವಾಗುತ್ತದೆ. ಆಮೇಲೆ 'ಅಕ್ಕತಂಗಿಯರು'. ಎರಡು ದನಿ ಎಷ್ಟು ಹತ್ತಿರವೆಂದರೆ ಒಬ್ಬಳು ಉಸಿರು ತೆಗೆದುಕೊಂಡಾಗ ಮಾತ್ರ ಇನ್ನೊಬ್ಬಳಿದ್ದಾಳೆಂದು ಗೊತ್ತಾಗುತ್ತದೆ. ಕೊನೆಗೆ 'ಟ್ಯಾಕ್ಸಿಯವನು'. ಹಗಲೆಲ್ಲ ಟ್ಯಾಕ್ಸಿ ಓಡಿಸುತ್ತಾ, ಹಿಂದೆ ಕೂತ ಪ್ರವಾಸಿಗಳಿಗೆ ಹಾಡುತ್ತಿದ್ದನಂತೆ. ಅವನದು ಕಳ್ಳದನಿ.

ನಮ್ಮ ಕಡೆ ಸಂಗೀತದ ಮೇಷ್ಟ್ರು ಬೈಯುವುದೇ ಹಾಗೆ, "ಕಳ್ಳದನಿಯಲ್ಲಿ ಹಾಡಬೇಡ!" ಅಲ್ಲಿ ಅದಕ್ಕೇ ಪಟ್ಟ. ಗಂಡಸಿನ ದಪ್ಪ ದನಿ ಮೇಲಕ್ಕೇರುತ್ತಾ ಒಂದು ಜಾಗದಲ್ಲಿ ಪಟಕ್ಕನೆ ಮುರಿದು, ತೆಳ್ಳಗೆ, ಬೆಳ್ಳಗೆ, ಬೇರೆಯೇ ದನಿಯಾಗಿ ಹೊರಡುತ್ತದೆ. ಆ ಮುರಿತವನ್ನು ಮುಚ್ಚುವುದಿಲ್ಲ. ಅದನ್ನು ಕೇಳಲೆಂದೇ ಜನ ಕೂತಿರುತ್ತಾರೆ. ಟ್ಯಾಕ್ಸಿಯವನ ದನಿ ಮುರಿದಾಗ ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ "ಹ್ಹುಪ್" ಎಂದು ಉಸಿರೆಳೆದುಕೊಂಡರು.

"ಇದನ್ನ ಹಾಡೋ ಒಬ್ಬ ನಮ್ಮಲ್ಲೂ ಇದ್ದಾನೆ" ಎಂದರು ಬಿರ್ಗಿತಮ್ಮ. ಮೂಲೆಯಲ್ಲಿ ಕೂತಿದ್ದ ಆಜಾನುಬಾಹು ಮುದುಕ ಬನ್ನಿನ ಕಡೆ ನೋಡಿದ. ಅವನು ಲೆನ್ನಾರ್ಟ್. ಕಾರ್ಖಾನೆಯಲ್ಲಿ ಲೇತ್ ನಡೆಸಿ ನಿವೃತ್ತನಾದವನು. ಬಾಗಿಲು ತುಂಬುವಷ್ಟು ಹೆಗಲು, ಅದರ ಮೇಲೆ ದಾಸವಾಳದ ಅಂಗಿ.

"ಹಾಡೋನು ಇದ್ದ. ಈಗಿಲ್ಲ" ಎಂದ ಅವನು.

ಕತೆ ಬಿರ್ಗಿತಮ್ಮ ಹೇಳಿದರು. ಅವರು ಗಿಟಾರ್, ಅವನು ಹಾಡು. ಇಬ್ಬರೂ ಯೌವನದಿಂದ ಊರಿನ ಪ್ರತಿ ನಡುಬೇಸಿಗೆಯ ಮಿಡ್‌ಸಮ್ಮರ್ ಹಬ್ಬಕ್ಕೆ ಸರೋವರದ ದಂಡೆಯಲ್ಲಿ ಹಾಡಿದವರು. ಹೋದ ಚಳಿಗಾಲ ಸಂಧಿವಾತ ಹೆಚ್ಚಾಗಿ ಅವರ ಬೆರಳು ನಿಂತವು. ಅವರ ಬೆರಳು ನಿಂತ ದಿನ ಅವನು ಬಾಯಿ ಮುಚ್ಚಿದ.

"ನನ್ನ ಕೈ ಹೋದ್ರೆ ಹೋಗ್ಲಿ. ಇವನ ದನಿ ಕೂಡ ಹೋಗ್ಬೇಕಾ? ನಾನು ಕೇಳೋದು ಏನನ್ನ?" ಎಂದರು. ಅಷ್ಟು ಹೇಳಿ, ಬಟ್ಟೆಯಲ್ಲಿ ಸುತ್ತಿದ್ದ ಬಾರನ್ನು ನನ್ನ ಕೈಗಿಟ್ಟರು. ಅದನ್ನು ಲೇತಿನಲ್ಲಿ ಕಡೆದುಕೊಟ್ಟವನು ಲೆನ್ನಾರ್ಟನೇ. ಕನ್ನಡಿಯಂಥ ನುಣುಪು, ನನ್ನ ಕಳೆದುಹೋದ ಬಾರಿಗಿಂತ ಭಾರ. ಕೈಯಲ್ಲಿ ಹಿಡಿದಾಗಲೇ ಇದು ಒಳ್ಳೆಯದೆಂದು ತಿಳಿಯಿತು.

"ಮಿಡ್‌ಸಮ್ಮರಿಗೆ ನೀವು ನುಡಿಸ್ತೀರಿ" ಎಂದರು ಬಿರ್ಗಿತಮ್ಮ. ಪ್ರಶ್ನೆಯಾಗಿರಲಿಲ್ಲ ಅದು. ಎಷ್ಟೋ ವರ್ಷಗಳ ಮೇಲೆ ಯಾರೋ ನನ್ನನ್ನು ಕಾರ್ಯಕ್ರಮಕ್ಕೆ ಕರೆದಿದ್ದರು. ನಾನು ಉಸಿರನ್ನು ಒಳಗೆಳೆದುಕೊಂಡೆ. ಎಲ್ಲರೂ ನಕ್ಕರು, ಲೆನ್ನಾರ್ಟ್ ಒಬ್ಬನನ್ನು ಬಿಟ್ಟು.

ಬಿರ್ಗಿತಮ್ಮನ ಅಡುಗೆಮನೆ

ಅಭ್ಯಾಸ ಅವರ ಅಡುಗೆಮನೆಯಲ್ಲಿ. ಆರಿಸಿದ ಹಾಡು ಒಂದು ಮಳೆಯ ಮೇಲಿನದು. ನಮ್ಮಲ್ಲಿ ಮೃಗಶಿರ, ಆರಿದ್ರ ಎಂದು ನಕ್ಷತ್ರಕ್ಕೊಂದು ಮಳೆಯಿರುವ ಹಾಗೆ ಹವಾಯಿಯಲ್ಲಿ ಊರಿಗೊಂದು ಮಳೆಗೆ ಹೆಸರಿದೆಯಂತೆ, ಗಾಳಿಗೂ ಇದೆಯಂತೆ. ಈ ಹಾಡಿನ ಮಳೆ ಎಲೆಗಳ ಮೇಲೆ ಬರಿಗಾಲಲ್ಲಿ ನಡೆದು ಬರುವ ಮಳೆ.

ಬಿರ್ಗಿತಮ್ಮ ಅದೇನು ಹೇಳಿ ಒಪ್ಪಿಸಿದರೋ, ಲೆನ್ನಾರ್ಟ್ ಒಂದು ಮಧ್ಯಾಹ್ನ ಬಂದ. ಬೂಟು ಬಿಚ್ಚಿ, ಕಿಟಕಿಯ ಕಡೆ ಮುಖ ಮಾಡಿ ನಿಂತ. ಹಾಡಲು ಶುರು ಮಾಡಿದ. ನಾನೂ ಶುರು ಮಾಡಿದೆ. ನನಗೆ ಹುರುಪು. ಅವನ ಸಾಲಿನ ಜೊತೆಗೇ ನನ್ನ ಸಾಲು, ನಡುನಡುವೆ ಸ್ವರ ಜಾರಿಸುವ ಮೀಂಡು, ಗಮಕ, ದಾವಣಗೆರೆಯ ಜನ ಸಿಳ್ಳೆ ಹಾಕುತ್ತಿದ್ದ ಎಲ್ಲ ಚಮತ್ಕಾರವನ್ನೂ ಸುರಿದೆ. ಅವನ ದನಿ ಮೇಲೇರಿ ಮುರಿಯಬೇಕಾದ ಜಾಗಕ್ಕೆ ನಾನು ಅವನಿಗಿಂತ ಮೊದಲೇ ಹೋಗಿ ಕೂತಿದ್ದೆ.

ಅವನು ಹಾಡು ನಿಲ್ಲಿಸಿದ.

"ಇಬ್ಬರೂ ಒಂದೇ ಹಾಡು ಹಾಡೋದಾದ್ರೆ ಒಬ್ಬರು ಮನೆಗೆ ಹೋಗಬಹುದು" ಎಂದ. ಎಂದವನೇ ಬೂಟು ಹಾಕಿಕೊಂಡು ತಾನೇ ಮನೆಗೆ ಹೋದ.

ನನಗೆ ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು. ಸುಧಾಳ ಮನೆಗೆ ಬಂದು ಗಿಟಾರ್ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದೆ. "ನಮ್ಮೂರಲ್ಲಿ ಗುಂಡಿ ಒತ್ತಿ ಕಳಿಸಿದ್ರು, ಇಲ್ಲಿ ಮುಖದ ಮೇಲೆ ಹೇಳಿ ಕಳಿಸಿದ್ರು" ಎಂದೆ.

ಸುಧಾ ಚಪಾತಿ ಲಟ್ಟಿಸುತ್ತಿದ್ದವಳು ತಿರುಗದೆಯೇ ಹೇಳಿದಳು. "ಮುಖದ ಮೇಲೆ ಹೇಳಿದ್ರೆ ಒಳ್ಳೇದೇ ಅಲ್ವೇನೇ ಅಕ್ಕಾ? ಏನ್ ಸರಿಯಿಲ್ಲ ಅಂತನಾದ್ರೂ ಗೊತ್ತಾತು."

ಮರುದಿನ ಬಿರ್ಗಿತಮ್ಮನ ಫೋನು. "ಅವನು ಒರಟ. ಆದರೆ ಹೇಳಿದ್ದು ಸರಿ. ಬನ್ನಿ, ಗಿಟಾರ್ ಬೇಡ."

ಗಿಟಾರಿಲ್ಲದೆ ಹೋದೆ. ಕಾಫಿ ಕೊಟ್ಟು, ಟ್ಯಾಕ್ಸಿಯವನ ತಟ್ಟೆ ಹಾಕಿದರು. "ಕೈ ಮಡಿಲಲ್ಲಿರಲಿ. ಅವನು ಎಲ್ಲಿ ಉಸಿರು ತಗೋತಾನೆ, ಅದನ್ನ ಮಾತ್ರ ಕೇಳಿ" ಎಂದರು. ಮುಗಿದ ಮೇಲೆ ಮತ್ತೆ ಹಾಕಿದರು. ಮಾರನೆಯ ದಿನವೂ ಅದೇ. ಆರ್ಕೆಸ್ಟ್ರಾದಲ್ಲಿ ಅಷ್ಟು ವರ್ಷ ಹಾಡುಗಾರರ ಪಕ್ಕದಲ್ಲಿ ಕೂತಿದ್ದೇನೆ, ಒಬ್ಬರ ಉಸಿರನ್ನೂ ನಾನು ಕೇಳಿರಲಿಲ್ಲ. ಕೇಳುತ್ತಾ ಕೇಳುತ್ತಾ ಕಿವಿ ತೆರೆಯಿತು. ಟ್ಯಾಕ್ಸಿಯವನು ಹಾಡುವಾಗ ಗಿಟಾರ್ ಎಲ್ಲೂ ಇಲ್ಲ. ಅವನು ಸಾಲು ಮುಗಿಸಿ ಉಸಿರಿಗೆ ಬಾಯಿ ತೆರೆದಾಗ ಮಾತ್ರ, ಆ ಚೂರು ಜಾಗದಲ್ಲಿ, ಗಿಟಾರ್ ಬಂದು ಒಂದು ಮಾತು ಹೇಳಿ ಹೋಗುತ್ತದೆ. ಹೌದಾ? ಆಮೇಲೆ? ಅಯ್ಯೋ ಪಾಪ! ಅಷ್ಟೇ. ಒಬ್ಬರು ಕತೆ ಹೇಳುವಾಗ ಇನ್ನೊಬ್ಬರು ಹೂಂಗುಟ್ಟುವ ಹಾಗೆ.

ನಮ್ಮಲ್ಲಿ ಹವಾಯಿಯನ್ ಗಿಟಾರ್ ಎಂದರೆ ಹಾಡುಗಾರನ ಬದಲಿಗೆ ಹಾಡುವುದು. ಅದು ಹುಟ್ಟಿದ ಊರಿನಲ್ಲಿ ಅದರ ಕೆಲಸ ಹಾಡುಗಾರನಿಗೆ ಹೂಂಗುಟ್ಟುವುದು. ಎರಡರಲ್ಲಿ ಯಾವುದು ಹೆಚ್ಚು ಎಂದು ನಾನು ಹೇಳಲಾರೆ. ಎರಡನೆಯದು ನನಗೆ ಬರುತ್ತಿರಲಿಲ್ಲ, ಕಲಿತೆ. ಗಿಟಾರ್ ತರಲು ಮತ್ತೆ ಅಪ್ಪಣೆಯಾದ ಮೇಲೆ, ಬಿರ್ಗಿತಮ್ಮ ಮೇಜಿನ ಆಚೆ ಕೂತು, ತಮ್ಮ ವಾಲಿದ ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದರು. ಬೆರಳು ಇಳಿದಾಗ ಮಾತ್ರ ನಾನು ಮೀಟಬೇಕು. ಮೊದಮೊದಲು ಅವರು "ಮೆಣಸು ಜಾಸ್ತಿ, ಮೆಣಸು ಜಾಸ್ತಿ" ಎನ್ನುತ್ತಿದ್ದರು. ಕೊನೆಕೊನೆಗೆ ಸುಮ್ಮನೆ ಕಣ್ಣು ಮುಚ್ಚಿಕೊಂಡು ಕೇಳತೊಡಗಿದರು.

ಲೆನ್ನಾರ್ಟ್ ಮಾತ್ರ ತಿರುಗಿ ಬರಲಿಲ್ಲ.

ಸರೋವರದ ದಂಡೆ

ಮಿಡ್‌ಸಮ್ಮರಿಗೆ ಮಳೆ ಬರುವುದು ಇಲ್ಲಿನ ಸಂಪ್ರದಾಯ ಎಂದು ನಿಧಿ ಹೇಳಿದ್ದಳು. ತಪ್ಪಲಿಲ್ಲ. ಎಲೆ, ಹೂ ಸುತ್ತಿದ ಎತ್ತರದ ಕಂಬವನ್ನು ಮಳೆಯಲ್ಲೇ ಎತ್ತಿ ನಿಲ್ಲಿಸಿದರು. ತಲೆಗೆ ಹೂವಿನ ದಂಡೆ ಮುಡಿದ ಬ್ಯಾಂಕಿನವರು, ಡಾಕ್ಟರು, ಅಜ್ಜ, ಮೊಮ್ಮಕ್ಕಳು ಎಲ್ಲ ಕಂಬದ ಸುತ್ತ ಕಪ್ಪೆಗಳ ಹಾಗೆ ಕುಪ್ಪಳಿಸಿದರು. ರೈಲಿನಲ್ಲಿ ಕೆಮ್ಮಲೂ ಹಿಂಜರಿಯುವ ಜನ ಇವರೇನಾ ಎನ್ನಿಸಿತು. ಮಹೇಶನೂ ಕುಪ್ಪಳಿಸಿ, ಸೊಂಟ ಹಿಡಿದುಕೊಂಡು ಬಂದ. ಸುಧಾ ಊಟದ ಮೇಜಿನ ಮೇಲೆ ಉಪ್ಪಿನಲ್ಲಿ ನೆನೆಸಿದ ಮೀನಿನ ಪಕ್ಕದಲ್ಲೇ ಚಿತ್ರಾನ್ನದ ಡಬರಿ ಇಟ್ಟಿದ್ದಳು. ಅದು ಮೀನಿಗಿಂತ ಮೊದಲು ಖಾಲಿಯಾಯಿತು.

ನಮ್ಮ ಕೂಟಕ್ಕೆ ಟಾರ್ಪಾಲಿನ ಚಪ್ಪರ. ದಾಸವಾಳದ ಅಂಗಿಗಳ ಒಳಗೆ ಎಲ್ಲರೂ ಉಣ್ಣೆಯ ಬನಿಯನ್ ಹಾಕಿಕೊಂಡಿದ್ದರು. ನಾನು ಇಳಕಲ್ ಸೀರೆಯ ಮೇಲೆ ನಿಧಿಯ ಹಳದಿ ರೇನ್‌ಕೋಟ್. ಲೆನ್ನಾರ್ಟ್ ಬಂದಿದ್ದ, ಆದರೆ ಚಪ್ಪರದೊಳಕ್ಕೆ ಬರಲಿಲ್ಲ. ಬೇಯಿಸಿದ ಆಲೂಗಡ್ಡೆಯ ಹಂಡೆಯ ಹತ್ತಿರ ತಟ್ಟೆ ಹಿಡಿದು ನಿಂತಿದ್ದ.

"ಮೀನು ತಿನ್ನೋಕೆ ಬಂದಿದ್ದೀನಿ ಅಂದ" ಎಂದರು ಬಿರ್ಗಿತಮ್ಮ. ಅವರ ಮುಖ ಸಣ್ಣದಾಗಿತ್ತು. "ನೀವೇ ಹಾಡನ್ನೂ ಗಿಟಾರಿನಲ್ಲಿ ನುಡಿಸಿಬಿಡಿ. ನಿಮ್ಮೂರಿನ ಹಾಗೆ. ಜನಕ್ಕೆ ಏನೂ ಗೊತ್ತಾಗಲ್ಲ."

ಕೂಟದವರ ಉಕುಲೆಲೆಗಳು, ಅಂದರೆ ನಾಲ್ಕು ತಂತಿಯ ಪುಟ್ಟ ಗಿಟಾರುಗಳು, ಶುರುವಾದವು. ನಾನು ಮುನ್ನುಡಿಯ ಸಾಲನ್ನು ಮೀಟಿದೆ. ಇನ್ನು ಹಾಡು ಬರಬೇಕಾದ ಜಾಗ. ಅದನ್ನು ನುಡಿಸುವುದು ನನಗೆ ನೀರು ಕುಡಿದಷ್ಟು ಸಲೀಸು. ಬಾರ್ ತಂತಿಯ ಮೇಲೇ ಇತ್ತು. ನಾನು ಅದನ್ನು ಎತ್ತಿ ಹಿಡಿದೆ.

ಉಕುಲೆಲೆಗಳು ಮಾತ್ರ ನಡೆದವು, ಒಂದು ಇಡೀ ಸಾಲಿನಷ್ಟು ಖಾಲಿ. ಸಾಲಿನ ಕೊನೆಯಲ್ಲಿ, ಲೆನ್ನಾರ್ಟ್ ಉಸಿರು ತೆಗೆದುಕೊಳ್ಳುತ್ತಿದ್ದ ಜಾಗದಲ್ಲಿ, ನಾನು ನನ್ನ ಒಂದು ಮಾತು ಮೀಟಿದೆ. ಆಮೇಲೆ ಮತ್ತೆ ಖಾಲಿ. ಮತ್ತೆ ಒಂದು ಮಾತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಡುಗಾರ ಎಲ್ಲಿ? ಎದುರಿಗೆ ನಿಂತಿದ್ದ ಸುಧಾ, ಅಕ್ಕನಿಗೆ ಮರೆತುಹೋಯಿತೆಂದು ಹೆದರಿ, "ಬಾರ್ಸೇ ಅಕ್ಕಾ, ಬಾರ್ಸು!" ಎಂದು ಕೈಸನ್ನೆ ಮಾಡುತ್ತಿದ್ದಳು. ಆದರೂ ಆ ಜಾಗವನ್ನು ನಾನು ತುಂಬಲಿಲ್ಲ. ಅದು ನನ್ನದಾಗಿರಲಿಲ್ಲ.

ಮುಂದಿನ ಸಾಲಿಗೆ ಆಲೂಗಡ್ಡೆಯ ಹಂಡೆಯ ಕಡೆಯಿಂದ ದನಿ ಬಂತು.

ಮೊದಲು ದಪ್ಪಗೆ, ಎದೆಯಿಂದ, ತಿಂಗಳುಗಟ್ಟಲೆ ಮುಚ್ಚಿದ್ದ ಬಾಗಿಲು ಕಿರುಗುಟ್ಟುವ ಹಾಗೆ. ಕೈಯಲ್ಲಿ ತಟ್ಟೆ ಹಿಡಿದೇ ಲೆನ್ನಾರ್ಟ್ ಹಾಡುತ್ತಿದ್ದ. ಹಾಡುತ್ತಲೇ ಚಪ್ಪರದ ಕಡೆ ನಡೆದು ಬಂದ. ಜನ ದಾರಿ ಬಿಟ್ಟರು. ಸಾಲು ಮೇಲಕ್ಕೇರಿತು, ಏರಿತು, ಆ ಜಾಗ ಬಂತು, ಮುರಿಯಿತು. ಆ ಭಾರೀ ದೇಹದಿಂದ ಎಳೆ ಬಿಸಿಲಿನಂಥ ದನಿಯೊಂದು ಎದ್ದು ಟಾರ್ಪಾಲಿನಾಚೆ, ಕಂಬದಾಚೆ, ಸರೋವರದ ಮೇಲೆ ಹೋಯಿತು. ಇಡೀ ದಂಡೆ "ಹ್ಹುಪ್" ಎಂದು ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ಅವನು ಉಸಿರಿಗೆ ನಿಂತಾಗ ನಾನು ಹೂಂಗುಟ್ಟಿದೆ. ಅವನು ನನ್ನ ಕಡೆ ನೋಡಿ, ತಟ್ಟೆಯನ್ನು ಯಾರದೋ ಕೈಗೆ ಕೊಟ್ಟು, ಮುಂದಿನ ಸಾಲು ಹಿಡಿದ.

ಬಿರ್ಗಿತಮ್ಮ ಎದ್ದು ನಿಂತರು. ಬಾರ್ ಹಿಡಿಯಲಾರದ ಕೈಗಳನ್ನು ಮುಂದೆ ಚಾಚಿ, ಹವಾಯಿಯ ಕುಣಿತದ ಹಾಗೆ ಮೆಲ್ಲಗೆ ಅಲೆ ಮಾಡಿದರು, ಮಳೆ ಮಾಡಿದರು, ಎಲೆ ಮಾಡಿದರು. ಬೆರಳುಗಳು ವಾಲಿದ್ದರೇನು, ಮಳೆಯೂ ನೇರವಾಗಿ ಬೀಳುತ್ತಿರಲಿಲ್ಲ.

ಹಾಡು ಮುಗಿದಾಗ ಆದ ಗದ್ದಲವನ್ನು ಬರೆಯುವುದಿಲ್ಲ. ದಾವಣಗೆರೆಯ ಗಣಪತಿ ಪೆಂಡಾಲಿಗೆ ಕಮ್ಮಿಯಿರಲಿಲ್ಲ ಎಂದರೆ ಸಾಕು. ಸಿಳ್ಳೆ ಹಾಕಿದವಳು ಸುಧಾ.

ಗದ್ದಲಕ್ಕೆ, ಮುಂದಿನ ಸಾಲಿನಲ್ಲಿ ತಳ್ಳುಗಾಡಿಯೊಳಗಿದ್ದ ಕೂಸೊಂದು ಕಿರುಚಿ ಅಳತೊಡಗಿತು. ಬೆಳಗಿನಿಂದ ನಿದ್ದೆಯಿಲ್ಲವಂತೆ, ತಾಯಿಯ ಮುಖವೂ ಅಳುವ ಹಾಗಿತ್ತು. ಲೆನ್ನಾರ್ಟ್ ನನ್ನ ಕಡೆ ಬಾಗಿ, "ಈಗ ನಿಮ್ಮದು ನುಡಿಸಿ. ಈ ಸಲ ನಾನು ಹೂಂ ಅಂತೀನಿ" ಎಂದ.

ಅಳುವ ಮಗುವಿನ ಎದುರು ನನಗೆ ಬೇರೇನು ಹೊಳೆಯುತ್ತದೆ? ನಮ್ಮಮ್ಮ ಸುಧಾಳನ್ನು ತೂಗುವಾಗ ತನ್ನ ಪಾಡಿಗೆ ಗುನುಗುತ್ತಿದ್ದ ಜೋಗುಳದ ಧಾಟಿ ಎತ್ತಿಕೊಂಡೆ. ಈ ಸಲ ಎಲ್ಲ ಮೀಂಡೂ ಹಾಕಿದೆ, ಯಾರೂ ಮೆಣಸು ಜಾಸ್ತಿ ಎನ್ನಲಿಲ್ಲ. ಲೆನ್ನಾರ್ಟ್ ನನ್ನ ಸಾಲಿನ ಕೊನೆಗೆ ಕಾದು, ಸಣ್ಣ ದನಿಯಲ್ಲಿ ಗುನುಗಿದ. "ಮಾತು ಇದೆಯಾ ಇದಕ್ಕೆ?" ಎಂದು ಕೇಳಿದ.

ನಿಧಿ ಮನೆಯ ಹೊರಗೆ ಕನ್ನಡ ಆಡುವವಳಲ್ಲ, ಗೆಳತಿಯರ ಎದುರಂತೂ ಬಾಯಿ ಬಿಡುವುದಿಲ್ಲ. ಅವಳೇ ಚಪ್ಪರದೊಳಕ್ಕೆ ನುಗ್ಗಿ ಬಂದು ಅವನ ಪಕ್ಕ ನಿಂತಳು. "ಜೋ ಜೋ ಅಂತ ಹೇಳಿ."

"ಯೋ ಯೋ" ಎಂದ ಲೆನ್ನಾರ್ಟ್. ಅವರ ಭಾಷೆಯಲ್ಲಿ ಜಕಾರವೆಲ್ಲ ಯಕಾರ.

"ಯೋ ಅಲ್ಲ! ಜೋ. ಜೋ!"

"ಯೋ" ಎಂದ ಅವನು ಬಲು ಭಕ್ತಿಯಿಂದ.

ನಿಧಿ ಕೈಬಿಟ್ಟು, ತಾನೇ ಅವನ ಜೊತೆ ಹಾಡಿದಳು. ಅವಳದು ಜೋ ಜೋ, ಅವನದು ಯೋ ಯೋ, ಸುಧಾಳೂ ಸೇರಿದಳು, ಆಮೇಲೆ ಉಕುಲೆಲೆಯವರೂ ಸೇರಿದರು. ಕೂಸು ಒಮ್ಮೆ ಬಿಕ್ಕಿತು, ಕಣ್ಣರಳಿಸಿ ಲೆನ್ನಾರ್ಟನ ಅಂಗಿಯ ದಾಸವಾಳಗಳನ್ನು ನೋಡಿತು, ನಿದ್ದೆ ಹೋಯಿತು.

ನಾನು ಮುಕ್ತಾಯಕ್ಕೆ ಬಂದೆ. ಅದರ ತಾಯಿ ಥಟ್ಟನೆ ಎರಡೂ ಕೈ ಎತ್ತಿ, ಬೇಡ, ಬೇಡ, ನಿಲ್ಲಿಸಿದರೆ ಏಳುತ್ತೆ ಎಂದು ಸನ್ನೆ ಮಾಡಿದಳು. ಮತ್ತೆ ಮೊದಲಿನಿಂದ ಶುರು ಮಾಡಿದೆವು. ಮುಗಿಯುವ ಹೊತ್ತಿಗೆ ಮತ್ತೆ ಅದೇ ಸನ್ನೆ.

"ಈ ಹಾಡಿಗೆ ಕೊನೆ ಎಲ್ಲಿ?" ಎಂದು ಲೆನ್ನಾರ್ಟ್ ತುಟಿಯಂಚಿನಲ್ಲಿ ಕೇಳಿದ.

"ಮಗು ಎದ್ದಾಗ" ಎಂದೆ.

ಅವನು ಬನ್ನಿನ ಹಾಗೆ ಅಗಲವಾಗಿ ನಕ್ಕು, ಎದೆ ತುಂಬ ಉಸಿರೆಳೆದುಕೊಂಡು ಮತ್ತೆ ಯೋ ಎಂದ. ಮಗು ಭಾರೀ ನಿದ್ದೆಗಾರ ಎಂದು ನಮಗೆ ಗೊತ್ತಾದದ್ದು ಆಮೇಲೆ.